ಹುಟ್ಟದ ಕಾದಂಬರಿಗೆ ಕುಲಾವಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡು ನಗುವ ಜನ ಸ್ಟಾರ್ ಟ್ರೆಕ್ ಎಂಬ ಅಮೆರಿಕದ ಬಾಹ್ಯಾಕಾಶ ಟಿವಿ ಸರಣಿ-ಸಿನಿಮಾಗಳ ಲೋಕವನ್ನು ಆಧರಿಸಿದ ಕಾದಂಬರಿಗಳ ಅಭಿಮಾನಿಗಳನ್ನು ಇನ್ನೂ ಸರಿಯಾಗಿ ನೋಡಿಲ್ಲ. ಇವರ ಕೂಸಿಗೆ ಹೆಸರಿಲ್ಲ, ಮುಖವಿಲ್ಲ, ಹೆತ್ತವರು ಯಾರೆಂಬುದೂ ಖಚಿತವಿಲ್ಲ. ಆದರೆ ತೂಕ ಮಾತ್ರ ಗೊತ್ತು: 320 ಪುಟ. ಆನ್‌ಲೈನ್ ಪುಸ್ತಕದಂಗಡಿಯ ಮೂಲೆಯಲ್ಲೆಲ್ಲೋ 'ಅನ್‌ಟೈಟಲ್ಡ್ ಸ್ಟಾರ್ ಟ್ರೆಕ್ ನಾವೆಲ್' ಎಂಬ ಒಂದು ಸಾಲು ಕಂಡರೆ ಸಾಕು, ಪ್ರೀ-ಆರ್ಡರ್ ಗುಂಡಿ ಒತ್ತಿಯಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಪೈಕಿ.

ಆ 320ರ ಕಥೆಯನ್ನೇ ಮೊದಲು ಹೇಳಬೇಕು. ಲೇಖಕ ಇನ್ನೂ ಎರಡನೇ ಅಧ್ಯಾಯದಲ್ಲಿ ತಡಕಾಡುತ್ತಿರುವಾಗ ಪುಟ ಎಷ್ಟೆಂದು ಯಾರಿಗೆ ಗೊತ್ತಾಯಿತು? ಯಾರಿಗೂ ಗೊತ್ತಿಲ್ಲ. ಮುದ್ರಣದಲ್ಲಿ ದೊಡ್ಡ ಹಾಳೆಯನ್ನು ಮಡಚಿ 16 ಅಥವಾ 32 ಪುಟಗಳ ಫಾರಂ ಮಾಡುತ್ತಾರೆ. ಹಾಗಾಗಿ ಪುಸ್ತಕದ ಪುಟಗಳು ಆ ಮಡಿಕೆಯ ಲೆಕ್ಕಕ್ಕೇ ಬಂದು ನಿಲ್ಲುತ್ತವೆ: 288, 304, 320, 352. ಪುಸ್ತಕವೇ ಇಲ್ಲದಾಗ ಅಂದಾಜಿಗೆ 32 ಪುಟದ ಹತ್ತು ಫಾರಂ ಎಂದು ತುಂಬಿಟ್ಟರೆ ಅದೇ 320. ಮುಂದೆ ಅದು 304 ಆದ ದಿನ, 'ಏನೋ ಕತ್ತರಿಸಿದ್ದಾರೆ, ಮುಖ್ಯ ದೃಶ್ಯವೇ ಹೋಗಿರಬೇಕು' ಎಂದು ಅಭಿಮಾನಿ ಊಟ ಬಿಡುತ್ತಾನೆ. ಹೋದದ್ದು ಕಥೆಯಲ್ಲ ಮಾರಾಯರೇ, 16 ಪುಟದ ಒಂದು ಮಡಿಕೆ.

ದಿನಾಂಕದ್ದು ಇನ್ನೊಂದು ಅವಾಂತರ. ಅಮೆರಿಕದಲ್ಲಿ ಹೊಸ ಪುಸ್ತಕ ಸಾಮಾನ್ಯವಾಗಿ ಮಂಗಳವಾರ ಬರುತ್ತದೆ. 2021ರ 'ಕೋಡಾ' ತ್ರಿವಳಿಯನ್ನೇ ನೋಡಿ: ಸೆಪ್ಟೆಂಬರ್ 28, ಅಕ್ಟೋಬರ್ 26, ನವೆಂಬರ್ 30. ಮೂರೂ ಮಂಗಳವಾರ. ಆದ್ದರಿಂದ ಪಟ್ಟಿಯಲ್ಲಿ ದಿನಾಂಕ ಕಂಡ ಕೂಡಲೇ ಕುಣಿಯಬಾರದು, ಮೊದಲು ಕ್ಯಾಲೆಂಡರ್ ತೆಗೆಯಬೇಕು. ಭಾನುವಾರವೋ ಗುರುವಾರವೋ ಆಗಿದ್ದರೆ ಅದು ಬಹುಶಃ ಜಾಗ ತುಂಬಲು ಹಾಕಿದ ದಿನಾಂಕ. ಡಿಸೆಂಬರ್ 31 ಎಂದಿದ್ದರಂತೂ 'ಇದೇ ವರ್ಷ ಬಂದರೂ ಬರಬಹುದು' ಎಂದಷ್ಟೇ ಅರ್ಥ. ಇಷ್ಟು ಕಲಿತು ಜಾಣರಾದೆವು ಅಂದುಕೊಳ್ಳುವಷ್ಟರಲ್ಲಿ 2024 ಬಂತು. ಆ ವರ್ಷ ಡಿಸೆಂಬರ್ 31 ಮಂಗಳವಾರವೇ ಆಗಿತ್ತು.

ದಿನಾಂಕ, ಹೆಸರು, ಲೇಖಕ ಎಲ್ಲ ಗಟ್ಟಿಯಾದ ಮೇಲೂ ಕೂಸು ಹುಟ್ಟದಿರಬಹುದು. 2009ರ ಸ್ಟಾರ್ ಟ್ರೆಕ್ ಸಿನಿಮಾ ಗೆದ್ದ ಹುರುಪಿನಲ್ಲಿ, ಅದು ಹಳೆಯ ಕಥೆಯಿಂದ ಕವಲೊಡೆದು ಶುರುಮಾಡಿದ ಹೊಸ ಕಾಲರೇಖೆಯಲ್ಲಿ ನಡೆಯುವ ನಾಲ್ಕು ಕಾದಂಬರಿಗಳನ್ನು 2010ಕ್ಕೆಂದು ಘೋಷಿಸಿದರು. ನಾಲ್ವರು ಅನುಭವಿ ಲೇಖಕರು ಬರೆದೂ ಕೊಟ್ಟರು. 2010ರ ಜನವರಿಯಲ್ಲಿ, ಸಿನಿಮಾ ತಂಡ ತನ್ನ ಲೋಕವನ್ನು ಇನ್ನೂ ಕಟ್ಟುತ್ತಿದೆ, ಸದ್ಯಕ್ಕೆ ಬೇರೆ ಕಥೆ ಬೇಡ ಎಂದು ನಾಲ್ಕನ್ನೂ ತಡೆಹಿಡಿದರು. ಅವುಗಳಲ್ಲಿ ಎರಡು, ಅಲನ್ ಡೀನ್ ಫಾಸ್ಟರ್ ಬರೆದದ್ದು ಮತ್ತು ಡೇವಿಡ್ ಮ್ಯಾಕ್ ಬರೆದದ್ದು, ಕೊನೆಗೂ ಬಂದವು. ಯಾವಾಗ? 2020ರಲ್ಲಿ. ಫಾಸ್ಟರ್ ಅವರದಕ್ಕೆ ಅಷ್ಟರಲ್ಲಿ ಹೆಸರೂ ಬದಲಾಗಿತ್ತು. ಹತ್ತು ವರ್ಷ ಹಳೆಯ ಹೆಸರಿನಲ್ಲೇ ಹುಡುಕುತ್ತ ಕೂತವರಿಗೆ, ಪುಸ್ತಕ ಎದುರಿಗೇ ಬಂದು ನಿಂತರೂ ಗುರುತು ಸಿಗಲಿಲ್ಲ.

ಹುಡುಕುವುದು ಅಂದೆನಲ್ಲ, ಹೊಸ ಪುಸ್ತಕ ಬಂದರೆ ತಿಳಿಸು ಎಂದು ಅಲರ್ಟ್ ಇಡುವುದೇ ಒಂದು ವಿದ್ಯೆ. ಸ್ಟಾರ್ ಟ್ರೆಕ್ ಸರಣಿಯೊಂದರ ಹೆಸರೆಂದು 'ಎಂಟರ್‌ಪ್ರೈಸ್' ಎಂದಷ್ಟೇ ಕೊಟ್ಟರೆ ದಿನಬೆಳಗಾದರೆ ಉದ್ಯಮ ನಿರ್ವಹಣೆಯ ದಪ್ಪ ದಪ್ಪ ಪುಸ್ತಕಗಳು ಬಂದು ಬೀಳುತ್ತವೆ. 'ವಾಯೇಜರ್' ಎಂದರೆ ನಿಜವಾದ ಬಾಹ್ಯಾಕಾಶ ನೌಕೆಗಳದ್ದು. ಇವೆಲ್ಲಕ್ಕಿಂತ ಕಠಿಣವಾದದ್ದು 'ಸ್ಟ್ರೇಂಜ್ ನ್ಯೂ ವರ್ಲ್ಡ್ಸ್'. ಆ ಹೆಸರಿನ ಟಿವಿ ಸರಣಿ ಶುರುವಾದದ್ದು 2022ರಲ್ಲಿ. ಆದರೆ ಅದೇ ಹೆಸರಿನಲ್ಲಿ, ಅಭಿಮಾನಿಗಳೇ ಸ್ಪರ್ಧೆಗೆ ಬರೆದ ಕಥೆಗಳ ಸಂಕಲನಗಳು 1998ರಿಂದ 2007ರವರೆಗೆ ಹತ್ತು ಬಂದಿದ್ದವು, 2016ರಲ್ಲಿ ಮತ್ತೊಂದು. ಹೊಸದೆಂದು ಆಸೆಪಟ್ಟು ತರಿಸಿದರೆ ಹಳದಿ ತಿರುಗಿದ ಹಳೇ ಸಂಕಲನ ಬಂದು ಕೂರುತ್ತದೆ. ಪರಿಹಾರ ಸುಲಭ: ಸರಣಿಯ ಹೆಸರಿನ ಜತೆ 'ಸ್ಟಾರ್ ಟ್ರೆಕ್', ಪ್ರಕಾಶಕರ ಹೆಸರು, ವರ್ಷ, ಈ ಮೂರನ್ನೂ ಸೇರಿಸಿ ಅಲರ್ಟ್ ಇಡಿ. ಪ್ರಕಾಶಕರು ಬದಲಾಗಿಲ್ಲ. 1979ರಿಂದ ಈ ಕಾದಂಬರಿಗಳು ಸೈಮನ್ ಅಂಡ್ ಶುಸ್ಟರ್ ಮನೆಯವೇ, ಮೊದಲು ಪಾಕೆಟ್ ಬುಕ್ಸ್ ಎಂಬ ಹೆಸರಿನಲ್ಲಿ, ಈಗ ಗ್ಯಾಲರಿ ಬುಕ್ಸ್.

ಇದಕ್ಕಿಂತ ನಿಖರವಾದ ದಾರಿ ಪುಸ್ತಕದ ಗುರುತಿನ ಸಂಖ್ಯೆ, ಐಎಸ್‌ಬಿಎನ್. ಹೆಸರು ಬದಲಾಗಬಹುದು, ಕವರ್ ಬದಲಾಗಬಹುದು, ಈ 13 ಅಂಕಿಯ ಸಂಖ್ಯೆ ಅಷ್ಟು ಸುಲಭಕ್ಕೆ ಕೈಕೊಡುವುದಿಲ್ಲ. ಕೈಕೊಡುವವರು ನಾವೇ. ಪೇಪರ್‌ಬ್ಯಾಕ್‌ಗೆ ಒಂದು ಸಂಖ್ಯೆ, ಇ-ಪುಸ್ತಕಕ್ಕೆ ಇನ್ನೊಂದು, ಆಡಿಯೋಗೆ ಮತ್ತೊಂದು. ಯಾವುದು ಯಾವುದರದ್ದೆಂದು ನೋಡದೆ ಬರೆದುಕೊಂಡರೆ, ಓದಲು ಕೂತವನಿಗೆ ಕೇಳುವ ಯೋಗ.

ಬರೆದುಕೊಂಡದ್ದು ಸರಿಯೇ ಎಂದು ನೋಡುವ ಲೆಕ್ಕವೂ ಇದೆ. ಮೊದಲ 12 ಅಂಕಿಗಳನ್ನು ಸರದಿಯಂತೆ 1, 3, 1, 3 ಎಂದು ಗುಣಿಸಿ ಕೂಡಬೇಕು. ಮೊತ್ತವನ್ನು ಮುಂದಿನ ಹತ್ತಕ್ಕೆ ಮುಟ್ಟಿಸಲು ಎಷ್ಟು ಬೇಕೋ ಅದೇ 13ನೆಯ ಅಂಕಿ. ಉದಾಹರಣೆಗೆ 978-0-306-40615-7. (ಇದು ಸ್ಟಾರ್ ಟ್ರೆಕ್ ಪುಸ್ತಕದ್ದಲ್ಲ, ಲೆಕ್ಕ ಕಲಿಸುವವರ ಅಚ್ಚುಮೆಚ್ಚಿನ ಸಂಖ್ಯೆ, ಆರ್ಡರ್ ಮಾಡಬೇಡಿ.) ಗುಣಿಸಿ ಕೂಡಿದರೆ 93, ನೂರಕ್ಕೆ 7 ಕಮ್ಮಿ, ಕೊನೆಯ ಅಂಕಿಯೂ 7. ಸರಿಹೋಯಿತು. ಒಂದೇ ಒಂದು ಅಂಕಿ ತಪ್ಪಾಗಿದ್ದರೂ ಈ ಲೆಕ್ಕ ಹಿಡಿದುಬಿಡುತ್ತದೆ. ಆದರೆ ಅವಸರದಲ್ಲಿ ಅಕ್ಕಪಕ್ಕದ 6 ಮತ್ತು 1 ಅದಲುಬದಲಾಗಿ 40615 ಹೋಗಿ 40165 ಆಯಿತು ಅನ್ನಿ. ಆಗ ಮೊತ್ತ 83, ಎಂಬತ್ತಮೂರಕ್ಕೆ 7 ಸೇರಿದರೆ 90, ಕೊನೆಯ ಅಂಕಿ ಮತ್ತೆ 7! ಪಕ್ಕಪಕ್ಕದ ಅಂಕಿಗಳ ನಡುವೆ ಸರಿಯಾಗಿ 5ರ ವ್ಯತ್ಯಾಸವಿದ್ದರೆ ಅದಲುಬದಲನ್ನು ಈ ಲೆಕ್ಕ ಹಿಡಿಯಲಾರದು. ಸಂಖ್ಯೆಯಲ್ಲಿ 0-5, 1-6, 2-7, 3-8, 4-9 ಜೋಡಿ ಅಂಟಿಕೊಂಡಿದ್ದರೆ ಎರಡು ಸಲ ನೋಡಿ. ಅಲ್ಲ, ನಕಲು ಮಾಡಿ ಅಂಟಿಸಿದರೆ ಈ ರಗಳೆಯೇ ಇಲ್ಲ. ಆದರೆ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುವ ಸುಖವೇ ಬೇರೆ.

ಪ್ರೀ-ಆರ್ಡರ್ ಮಾಡಿ ನೆಮ್ಮದಿಯಾಗಿ ನಿದ್ದೆ ಮಾಡುವಂತಿಲ್ಲ. ಆರ್ಡರ್ ಹಾಕಿ ಎಂಟು ತಿಂಗಳಾದ ಮೇಲೆ ಪುಸ್ತಕ ಹೊರಡುವಾಗ ಹಣ ಕಡಿತವಾಗುತ್ತದೆ. ಅಷ್ಟರಲ್ಲಿ ಕಾರ್ಡಿನ ಅವಧಿ ಮುಗಿದಿರುತ್ತದೆ. ಮಂಗಳವಾರ ಬೆಳಗ್ಗೆ ಎಲ್ಲರ ಕೈಗೂ ಪುಸ್ತಕ, ಇವನ ಕೈಗೆ 'ನಿಮ್ಮ ಆರ್ಡರ್ ರದ್ದಾಗಿದೆ' ಎಂಬ ಮೇಲ್. ಇದರ ತದ್ವಿರುದ್ಧದ ಪ್ರಾಣಿಯೂ ಉಂಟು: ಹಾಕಿದ ಆರ್ಡರ್ ಮರೆತು ಇನ್ನೊಂದು ಹಾಕಿ, ಬಿಡುಗಡೆಯ ದಿನ ಅಂಗಡಿಗೂ ಓಡಿ ಮೂರು ಪ್ರತಿಗಳ ಒಡೆಯನಾಗುವವನು.

ತ್ರಿವಳಿಗಳ ವಿಷಯದಲ್ಲಿ ಒಂದೇ ಮಾತು. ಎರಡನೆಯ ಮತ್ತು ಮೂರನೆಯ ಪುಸ್ತಕದ ಪರಿಚಯವನ್ನು ಓದಲೇಬೇಡಿ. ಮೊದಲನೆಯದು ಇನ್ನೂ ಅಚ್ಚಿನಲ್ಲಿರುವಾಗಲೇ ಮೂರನೆಯದರ ಬೆನ್ನುಡಿ ಪಟ್ಟಿಯಲ್ಲಿ ಬಂದಿರುತ್ತದೆ, 'ಅವರ ಸಾವಿನ ನಂತರ' ಎಂದು ಶುರುವಾದರೂ ಆಶ್ಚರ್ಯವಿಲ್ಲ. ಯಾರ ಸಾವು ಎಂದು ಊಹಿಸುವುದರಲ್ಲೇ ಸೆಪ್ಟೆಂಬರ್ ಕಳೆಯುತ್ತದೆ.

ಸಾವಿಗಾದರೂ ಇಲ್ಲಿ ಏನು ಬೆಲೆ? 'ವಾಯೇಜರ್' ಸರಣಿಯಲ್ಲಿ ಕ್ಯಾಪ್ಟನ್ ಆಗಿದ್ದು ಅಡ್ಮಿರಲ್ ಆದ ಜೇನ್‌ವೇ 2007ರ ಕಾದಂಬರಿಯೊಂದರಲ್ಲಿ ತೀರಿಕೊಂಡರು, 2012ರ ಇನ್ನೊಂದರಲ್ಲಿ ಎದ್ದು ಬಂದರು. 'ಎಂಟರ್‌ಪ್ರೈಸ್' ಸರಣಿಯ ಟ್ರಿಪ್ ಟಕರ್ 2005ರಲ್ಲಿ ಟಿವಿಯಲ್ಲೇ ಎಲ್ಲರ ಕಣ್ಣೆದುರು ಸತ್ತ. 2007ರ ಕಾದಂಬರಿ ಬಂದು, ಅದೆಲ್ಲ ನಾಟಕ, ಅವನು ಬದುಕಿದ್ದಾನೆ ಅಂದಿತು. ಇದರಲ್ಲಿ ನಿಜ ಯಾವುದು ಎಂದು ಕೇಳಿದರೆ ಕಟ್ಟಪ್ಪಣೆ ಒಂದೇ: ಪರದೆಯ ಮೇಲೆ ಬಂದದ್ದೇ ಕ್ಯಾನನ್, ಅಂದರೆ ಅಧಿಕೃತ ಕಥೆ, ಕಾದಂಬರಿ ಅಲ್ಲ. ಕಾದಂಬರಿ ಪರದೆಗೆ ತಲೆಬಾಗಬೇಕು, ಪರದೆಗೆ ಆ ಹಂಗಿಲ್ಲ. 2001ರಿಂದ ಇಪ್ಪತ್ತು ವರ್ಷ ಒಂದಕ್ಕೊಂದು ಹೆಣೆದುಕೊಂಡು ಬಂದಿದ್ದ ಕಾದಂಬರಿಗಳ ಲೋಕವನ್ನು 2020ರ 'ಪಿಕಾರ್ಡ್' ಸರಣಿ ಬೇರೆಯೇ ದಾರಿ ಹಿಡಿದು ಪಕ್ಕಕ್ಕೆ ತಳ್ಳಿತು. ಮೇಲೆ ಹೇಳಿದ 'ಕೋಡಾ' ಬಂದದ್ದು ಆ ಲೋಕಕ್ಕೆ ಮಂಗಳ ಹಾಡಲು. ಎಲ್ಲೋ ಒಮ್ಮೊಮ್ಮೆ ಪರದೆಯೂ ಸಾಲ ಪಡೆಯುತ್ತದೆ. ಮೊದಲ ಸರಣಿಯ ನೌಕಾಚಾಲಕ ಸುಲುವಿಗೆ ಹಿಕಾರು ಎಂಬ ಹೆಸರು ಕೊಟ್ಟದ್ದು 1981ರಲ್ಲಿ ವೋಂಡಾ ಮಕಿಂಟೈರ್ ಬರೆದ ಕಾದಂಬರಿ. ಸಿನಿಮಾದಲ್ಲಿ ಆ ಹೆಸರು ಕೇಳಿಸಿದ್ದು 1991ರಲ್ಲಿ. ಮಗುವಿಗೆ ಹೆಸರಿಟ್ಟ ಹತ್ತು ವರ್ಷಕ್ಕೆ ಜನನ ಪತ್ರ.

ಇಷ್ಟೆಲ್ಲ ದಾಟಿ ಪುಸ್ತಕ ಕೈಗೆ ಬಂತು ಅಂದುಕೊಳ್ಳೋಣ. ಕಪಾಟಿನಲ್ಲಿ ಇಡಲು ಹೋದರೆ ಹಿಡಿಸುವುದಿಲ್ಲ. ಹಳೆಯ ಮಾಸ್-ಮಾರ್ಕೆಟ್ ಪೇಪರ್‌ಬ್ಯಾಕ್ ಸುಮಾರು 6¾ ಇಂಚು ಎತ್ತರ. 2019ರ ಹೊತ್ತಿಗೆ ಹೊಸವು ದೊಡ್ಡ ಅಳತೆಯ ಟ್ರೇಡ್ ಪೇಪರ್‌ಬ್ಯಾಕ್ ಆದವು, ಎತ್ತರ ಎಂಟು ಇಂಚು ದಾಟಿತು. ಚಿಕ್ಕದಕ್ಕೆ ಅಳೆದು 7½ ಇಂಚಿಗೆ ಹಲಗೆ ಹೊಡೆಸಿದವರು ಹೊಸದನ್ನು ಹಳೆಯವುಗಳ ನೆತ್ತಿಯ ಮೇಲೆ ಅಡ್ಡ ಮಲಗಿಸುತ್ತಾರೆ. ಮೇಲಿನ ಪುಸ್ತಕದ ಭಾರಕ್ಕೆ ಕೆಳಗಿನವುಗಳ ಬೆನ್ನು ಸೊಟ್ಟಗಾಗುತ್ತದೆ. ಹಲಗೆಗಳ ನಡುವೆ 9 ಇಂಚು ಬಿಡಿ, ಮೇಲಿನಿಂದ ಬೆರಳು ಹಾಕಿ ಎಳೆಯಲೂ ಜಾಗ ಸಿಗುತ್ತದೆ. ಹಲಗೆ ಸರಿಸುವ ಮುನ್ನ ಪುಸ್ತಕಗಳನ್ನೆಲ್ಲ ಇಳಿಸಿ ಕ್ರಮ ತಪ್ಪದಂತೆ ನೆಲದ ಮೇಲೆ ಜೋಡಿಸಿ, ಆಮೇಲೆ ಸ್ಕ್ರೂ ಬಿಚ್ಚಿ. ಇಳಿಸುವಾಗ ಯಾವ ಪುಸ್ತಕವನ್ನೂ ಬಿಡಿಸಿ ನೋಡಬೇಡಿ. ನೋಡಿದರೆ ಸಂಜೆಯ ಹೊತ್ತಿಗೆ ಸ್ಕ್ರೂಡ್ರೈವರ್ ಬುಕ್‌ಮಾರ್ಕ್ ಆಗಿರುತ್ತದೆ, 1981ರದ್ದರ 112ನೇ ಪುಟದಲ್ಲಿ, ಹೊಸದು ಇನ್ನೂ ಡಬ್ಬದಲ್ಲೇ ಇರುವಾಗ.