ಅರ್ಧ ಓದಿದವರ ಅಭಿಪ್ರಾಯ

ಅಕ್ಕನ ಮಗಳು ಫೋನು ಮಾಡಿ "ಮಾಮ, ಎಲ್ಲಿದೀಯ?" ಎಂದು ಕೇಳಿದರೆ ಈಚೆಗೆ ನಾನು ಊರಿನ ಹೆಸರು ಹೇಳುವುದಿಲ್ಲ, ಪುಟದ ನಂಬರು ಹೇಳುತ್ತೇನೆ. "ತೊಂಬತ್ತೆರಡು" ಅಂದರೆ ಆ ಕಡೆಯಿಂದ "ಅಯ್ಯೋ, ಇನ್ನೂ ಅಲ್ಲೇನಾ!" ಎಂಬ ನಿಟ್ಟುಸಿರು. ಪಿಯುಸಿ ಓದುವ ಹುಡುಗಿ. ದಸರಾ ರಜೆಗೆ ಬಂದವಳು ಸುಝಾನ್ ಕಾಲಿನ್ಸ್ ಬರೆದ 'ದಿ ಹಂಗರ್ ಗೇಮ್ಸ್'ನ ಒಂದು ಪ್ರತಿಯನ್ನು ನನ್ನ ಕೈಗೆ ತುರುಕಿ, ಇನ್ನೊಂದನ್ನು ತಾನಿಟ್ಟುಕೊಂಡು, ಇಬ್ಬರೂ ಒಟ್ಟಿಗೆ ಓದಬೇಕು ಎಂದು ಕರಾರು ಹಾಕಿ ಹೋಗಿದ್ದಾಳೆ. ಒಟ್ಟಿಗೆ ಓದುವುದೆಂದರೆ ಅವಳ ಲೆಕ್ಕದಲ್ಲಿ ಓದುವುದು ಸ್ವಲ್ಪ, ಓದುತ್ತಿರುವುದರ ಬಗ್ಗೆ ಅಭಿಪ್ರಾಯ ಹೇಳುವುದು ಬಹಳ.

ಬೆಳಿಗ್ಗೆ ನಾನು ಹಲ್ಲುಜ್ಜುವ ಹೊತ್ತಿಗೆ ಸಂದೇಶ ಬಂದಿರುತ್ತದೆ: "ಪೀಟಾ ತುಂಬಾ ಒಳ್ಳೇವ್ನು. ನಂಗಿಷ್ಟ." ಮಧ್ಯಾಹ್ನ ಊಟಕ್ಕೆ ಕೂತಾಗ: "ಪೀಟಾ ಮೋಸಗಾರ. ನಂಬಬೇಡ." ಸಂಜೆ: "ಪಾಪ ಪೀಟಾ." ಹಸಿದ ಹುಡುಗಿಗೆ ಮಳೆಯಲ್ಲಿ ಸುಟ್ಟ ಬ್ರೆಡ್ಡು ಎಸೆದು ಅಮ್ಮನ ಕೈಲಿ ಏಟು ತಿಂದ ಹುಡುಗ ಒಂದೇ ದಿನದಲ್ಲಿ ದೇವರು, ದೆವ್ವ, ಅನಾಥ ಎಲ್ಲವೂ ಆಗಿಬಿಟ್ಟ. ಅವನೇನೂ ಬದಲಾಗಿಲ್ಲ. ಇವಳು ಪುಸ್ತಕ ಮುಚ್ಚಿದ ಜಾಗ ಬದಲಾಗಿದೆ, ಅಷ್ಟೇ. "ಪೂರ್ತಿ ಮುಗಿಸಿ ಆಮೇಲೆ ಹೇಳು ಮಾರಾಯ್ತಿ" ಅಂದೆ. "ಮುಗಿಸಿದ ಮೇಲೆ ಏನು ಹೇಳೋದು ಮಾಮ? ಮುಗಿದೇ ಹೋಗಿರತ್ತಲ್ಲ!" ಎಂದಳು. ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಉತ್ತರ ಇಲ್ಲದಿರುವುದರಿಂದಲೇ ಸಿಟ್ಟು ಇನ್ನಷ್ಟು ಬಂತು.

ಇಷ್ಟಕ್ಕೂ ಹದಿಹರೆಯದವರ ಈ ಕಾದಂಬರಿಗಳಲ್ಲಿ ಅಷ್ಟು ಕುತೂಹಲಪಡುವಂಥದ್ದು ಏನಿದೆ ಎಂದು ಅವಳೊಡನೆ ವಾದಿಸಿದೆ. 12ರಿಂದ 18 ವಯಸ್ಸಿನ 24 ಮಕ್ಕಳನ್ನು ಒಂದು ಕಣಕ್ಕೆ ಇಳಿಸಿ, ಒಬ್ಬರನ್ನೊಬ್ಬರು ಕೊಲ್ಲಿ ಎಂದು ಸರ್ಕಾರವೇ ಹೇಳುತ್ತದೆ. ಇಡೀ ದೇಶ ಅದನ್ನು ಟಿವಿಯಲ್ಲಿ ನೋಡುತ್ತದೆ. ಭಯಂಕರವೇ, ಒಪ್ಪಿದೆ. ಆದರೆ ಕಥೆ ಹೇಳುತ್ತಿರುವವಳು ಕಣದೊಳಗೇ ಇರುವ ಕಟ್ನಿಸ್. ಅದೂ ವರ್ತಮಾನ ಕಾಲದಲ್ಲಿ: ಓಡುತ್ತೇನೆ, ಮರ ಹತ್ತುತ್ತೇನೆ, ಬಿಲ್ಲು ಎತ್ತುತ್ತೇನೆ. "ಸಾಯುತ್ತೇನೆ" ಎಂದು ಬರೆದರೆ ಮುಂದಿನ ವಾಕ್ಯವನ್ನು ಯಾರು ಬರೆಯಬೇಕು? ಸಾಲದ್ದಕ್ಕೆ ಪುಸ್ತಕದ ಮೂರನೆಯ ಭಾಗಕ್ಕೆ 'ದಿ ವಿಕ್ಟರ್' ಎಂದೇ ಹೆಸರು. 2008ರಲ್ಲಿ ಇದು ಬಂತು, 2009ರಲ್ಲಿ ಎರಡನೆಯದು, 2010ರಲ್ಲಿ ಮೂರನೆಯದು. ಅಷ್ಟಕ್ಕೂ ನಿಲ್ಲದೆ 2020ರಲ್ಲಿ ಒಂದು ಹಿಂದಿನ ಕಥೆ, 2025ರಲ್ಲಿ ಇನ್ನೊಂದು ಹಿಂದಿನ ಕಥೆ. "ಕಟ್ನಿಸ್ ಬದುಕ್ತಾಳಾ ಮಾಮ?" ಎಂದು ನಡುಗುವ ದನಿಯಲ್ಲಿ ಕೇಳುವವಳಿಗೆ ಪುಸ್ತಕದಂಗಡಿಯ ಕಪಾಟಿನ ಕಡೆ ಬೆರಳು ತೋರಿಸಿದರೆ ಸಾಕು.

ತೋರಿಸಲಿಲ್ಲ. ಏಕೆಂದರೆ ಅಷ್ಟು ಹೊತ್ತಿಗೆ ನನಗೂ ರಾತ್ರಿ ಹನ್ನೊಂದಾದರೂ ದೀಪ ಆರಿಸಲು ಆಗುತ್ತಿರಲಿಲ್ಲ. ಈ ಬರಹಗಾರ್ತಿ ಮೊದಲು ಮಕ್ಕಳ ಟಿವಿ ಕಾರ್ಯಕ್ರಮಗಳಿಗೆ ಬರೆಯುತ್ತಿದ್ದವರು. ಒಂಬತ್ತೊಂಬತ್ತು ಅಧ್ಯಾಯಗಳ ಮೂರು ಭಾಗ, ಒಟ್ಟು 27. ಅಧ್ಯಾಯ ಮುಗಿಯುವ ಕಡೆಯಲ್ಲೆಲ್ಲ ಏನಾದರೊಂದು ನೇತಾಡುತ್ತಿರುತ್ತದೆ. ಅಂಥ ಕಡೆ ನಿಲ್ಲಿಸಿದವರಿಗೆ ಬಾಯಿ ಸುಮ್ಮನಿರುವುದಿಲ್ಲ. ಹಾಗಾಗಿ ತಪ್ಪೆಲ್ಲ ಹುಡುಗಿಯದೇ ಎನ್ನಲಾರೆ. ಆದರೆ ನನ್ನ ಬಾಯಿಯನ್ನೂ ಬಿಡಿಸುತ್ತಾಳಲ್ಲ, ಅದು ನನಗೆ ಆಗದು. "ನಿಂಗೇನನ್ಸತ್ತೆ?" ಎಂದು ಪುಟ ಪುಟಕ್ಕೂ ಕೇಳಿದರೆ ಏನು ಹೇಳುವುದು? ಓದುತ್ತಿರುವಾಗ ನನಗೆ ಅಭಿಪ್ರಾಯ ಅಂತ ಒಂದು ಇರುವುದೇ ಇಲ್ಲ. ಬೆನ್ನುನೋವು ಇರುತ್ತದೆ. ಪಕ್ಕದಲ್ಲಿಟ್ಟ ಕಾಫಿ ಆರಿರುತ್ತದೆ. ಕನ್ನಡಕ ಮೂಗಿನ ತುದಿಗೆ ಜಾರಿರುತ್ತದೆ. ಇವುಗಳ ಬಗ್ಗೆ ಬೇಕಾದರೆ ವಿವರವಾಗಿ ಹೇಳಬಲ್ಲೆ.

ಅರ್ಧ ಓದಿ ಹೇಳುವವರಿಗಿಂತ ಏನೂ ಓದದೆ ಹೇಳುವವರು ಮೇಲೇನಲ್ಲ ಎಂಬುದನ್ನೂ ಇಲ್ಲೇ ಸೇರಿಸಿಬಿಡಬೇಕು. ಅಮೆರಿಕದಲ್ಲಿ ಈ ಬಗೆಯ ಕಾದಂಬರಿಗೆ ದಾರಿ ಮಾಡಿದವರಲ್ಲಿ ಟುಲ್ಸಾ ಎಂಬ ಊರಿನ ಹೈಸ್ಕೂಲು ಹುಡುಗಿಯೊಬ್ಬಳಿದ್ದಳು. 'ದಿ ಔಟ್‌ಸೈಡರ್ಸ್' ಬರೆಯಲು ಶುರು ಮಾಡಿದಾಗ ಅವಳಿಗೆ 15. 1967ರಲ್ಲಿ ಅಚ್ಚಾದಾಗ 18. ಬೀದಿ ಹುಡುಗರ ಹೊಡೆದಾಟದ ಕಥೆಯನ್ನು ಹೆಣ್ಣುಮಗಳು ಬರೆದಿದ್ದಾಳೆಂದು ಕಂಡರೆ ವಿಮರ್ಶಕರು ಪುಟ ತಿರುವುವ ಮೊದಲೇ ಮೂಗು ಮುರಿಯುತ್ತಾರೆ ಎಂದು ಪ್ರಕಾಶಕರು ಹೆಸರನ್ನು ಎಸ್.ಇ. ಹಿಂಟನ್ ಎಂದು ಮೊಟಕು ಮಾಡಿಸಿದರು. ಮುಖಪುಟದಲ್ಲೇ ಅಭಿಪ್ರಾಯ ಮುಗಿಸುವ ಆ ಜಾತಿಯವರ ಮುಂದೆ ನನ್ನ ಅಕ್ಕನ ಮಗಳು ಮಹಾ ವಿದ್ವಾಂಸೆ. ಕೊನೇ ಪಕ್ಷ ಅವಳು ಪುಟದ ನಂಬರು ಹೇಳಿ ಮಾತಾಡುತ್ತಾಳೆ.

ನಮಗೆ ಇಂಥ ಪ್ರತ್ಯೇಕ ಕಪಾಟು ಇರಲಿಲ್ಲ. ಬೇತಾಳನ ಸಹವಾಸ ಬಿಟ್ಟು ಚಂದಮಾಮ ಕೆಳಗಿಟ್ಟರೆ ಮುಂದಿನ ನಿಲ್ದಾಣ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಅಲ್ಲಿಂದ ಮುಂದೆ ಅಮ್ಮ ಓದಿ ದಿಂಬಿನಡಿ ಸೇರಿಸಿದ ಸಾಮಾಜಿಕ ಕಾದಂಬರಿ. ನಡುವೆ ಏನೂ ಇಲ್ಲ. ಮೀಸೆ ಚಿಗುರುವ ವಯಸ್ಸಿನವರ ಸಂಕಟಕ್ಕೆಂದೇ ಯಾರೂ ಏನನ್ನೂ ಬರೆದಿರಲಿಲ್ಲ, ಅಥವಾ ಬರೆದದ್ದು ನಮ್ಮೂರಿನ ಬಸ್ಸು ಹತ್ತಿರಲಿಲ್ಲ. ಹತ್ತಿದ್ದೆಲ್ಲ ಬಂದು ಇಳಿಯುತ್ತಿದ್ದುದು ಬಸ್‌ಸ್ಟ್ಯಾಂಡಿನ ಹಿಂದಿನ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ.

ಎಂಬತ್ತರ ದಶಕದ ಮಲೆನಾಡಿನ ತಾಲ್ಲೂಕು ಕೇಂದ್ರ ಅದು. ಡಿಪಾಸಿಟ್ ಇಟ್ಟರೆ ದಿನಕ್ಕೆ ನಾಲ್ಕಾಣೆಗೆ ಒಂದು ಪುಸ್ತಕ. ಎಲ್ಲಕ್ಕೂ ದಪ್ಪ ರಟ್ಟಿನ ಬೈಂಡು. ಹೊಲಿಗೆ ಎಷ್ಟು ಬಿಗಿಯೆಂದರೆ ಪ್ರತಿ ಸಾಲಿನ ಕೊನೆಯ ಎರಡಕ್ಷರ ಒಳಗೆ ಹೋಗಿ ಕೂತಿರುತ್ತಿದ್ದವು, ನಾವೇ ಊಹಿಸಿಕೊಳ್ಳಬೇಕು. ಅಲ್ಲಲ್ಲಿ ನೇರಳೆ ಬಣ್ಣದ ರಬ್ಬರ್ ಸ್ಟ್ಯಾಂಪು: "ಪುಸ್ತಕದಲ್ಲಿ ಬರೆಯಬಾರದು." ಅದರ ಸುತ್ತಮುತ್ತಲೇ ಎಲ್ಲರೂ ಬರೆದಿರುತ್ತಿದ್ದರು. "ಸೂಪರ್", "ಬೋರ್", "ಈ ಸೀನು ಸಿನಿಮಾದಲ್ಲಿ ಚೆನ್ನಾಗಿದೆ", ಯಾರದೋ ಹಾಲಿನ ಲೆಕ್ಕ, ಬಾಣ ಚುಚ್ಚಿದ ಹೃದಯ. ಇವೆಲ್ಲ ಪೆನ್ಸಿಲ್ಲಿನಲ್ಲಿ, ಇಲ್ಲವೇ ನೀಲಿ ಬಾಲ್ ಪೆನ್ನಿನಲ್ಲಿ. ಒಬ್ಬನ ಬರಹ ಮಾತ್ರ ಹಸಿರು ಶಾಯಿಯಲ್ಲಿ.

ಆತ ಓದುತ್ತಾ ಓದುತ್ತಾ ಬರೆಯುತ್ತಿದ್ದ. ಪುಟ 30ರಲ್ಲಿ: "ಈಕೆ ಸಾಧ್ವಿ." ಪುಟ 58ರಲ್ಲಿ: "ಸಾಧ್ವಿ ಎಂದು ಬರೆದದ್ದು ಸ್ವಲ್ಪ ಆತುರವಾಯಿತು." ಪುಟ 71ರಲ್ಲಿ: "ಛೆ, ಪುನಃ ಸಾಧ್ವಿಯೇ." ಹಿಂದಿನದನ್ನು ಎಂದೂ ಹೊಡೆದುಹಾಕುತ್ತಿರಲಿಲ್ಲ. ಒಂದು ಪತ್ತೇದಾರಿಯಲ್ಲಿ "ಕೊಲೆಗಾರ ಅಡುಗೆಯವನೇ. ಇದರಲ್ಲಿ ಸಂಶಯವಿಲ್ಲ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ. ಆರು ಪುಟ ಮುಂದೆ ಹೋದರೆ ಅಡುಗೆಯವನ ಹೆಣ ಬಾವಿಯಲ್ಲಿ. ಪಕ್ಕದಲ್ಲಿ ಹಸಿರಿನಲ್ಲಿ ಒಂದೇ ಮಾತು: "ಓಹೋ."

ನಾನೂ ನನ್ನ ಬೆಂಚಿನ ಗೆಳೆಯನೂ ಕಾದಂಬರಿಯ ಹೆಸರು ನೋಡುವುದನ್ನೇ ಬಿಟ್ಟೆವು. ಕಪಾಟಿನ ಮುಂದೆ ನಿಂತು ಪುಟ ಬಿರ್ರನೆ ಹಾರಿಸುವುದು, ಹಸಿರು ಕಂಡರೆ ಒಯ್ಯುವುದು. ಹಾಗೆ ಒಯ್ದದ್ದರಲ್ಲಿ ನಮ್ಮ ವಯಸ್ಸಿಗೆ ಸಲ್ಲದ ಗೃಹಕಲಹಗಳೂ ಇದ್ದವು, ಅತ್ತೆ ಸೊಸೆಯರ ಮುನ್ನೂರು ಪುಟಗಳಿದ್ದವು. ಓದಿ ಮುಗಿಸಿದೆವು. ಪುಸ್ತಕ ಯಾವುದಾದರೂ ಸರಿ, ಆತ ಬೇಕಿತ್ತು.

ಯಾರಿರಬಹುದು? ಹಸಿರು ಶಾಯಿ ಎಂದರೆ ಗೆಜೆಟೆಡ್ ಆಫೀಸರು. ಇದು ಊರಿಗೇ ಗೊತ್ತು. ನಮ್ಮೂರಿನಲ್ಲಿ ಅಂಥವರು ತಹಸೀಲ್ದಾರರು, ಸರ್ಕಾರಿ ಆಸ್ಪತ್ರೆಯ ಡಾಕ್ಟರು, ಪಶುವೈದ್ಯರು, ಜೂನಿಯರ್ ಕಾಲೇಜಿನ ಪ್ರಿನ್ಸಿಪಾಲರು, ಇಷ್ಟೇ ಮಂದಿ. ಪುರುಷೋತ್ತಮನ ಶಿಷ್ಯರಾದ ನಾವು ಮಾರ್ಕ್ಸ್ ಕಾರ್ಡಿನ ನಕಲು ಮಾಡಿಸಿಕೊಂಡು ಅಟೆಸ್ಟ್ ಮಾಡಿಸುವ ನೆಪದಲ್ಲಿ ಒಬ್ಬೊಬ್ಬರ ಬಾಗಿಲಿಗೂ ಹೋದೆವು. ತಹಸೀಲ್ದಾರರು ನಮ್ಮ ಮುಖವನ್ನೂ ನೋಡದೆ ಒಂದು ಗೀಟು ಎಳೆದರು. ಅದರಲ್ಲಿ ಅಕ್ಷರವೇ ಇರಲಿಲ್ಲ. ಡಾಕ್ಟರ ಬರಹವನ್ನು ಔಷಧಿ ಅಂಗಡಿಯವನೇ ಓದಬೇಕು, ಅದನ್ನು ಕೈಬಿಟ್ಟೆವು. ಪಶುವೈದ್ಯರು ಮಾತ್ರ ಪೂರ್ತಿ ಓದಿದರು. "ಯಾತಕ್ಕಯ್ಯ ಇದು?" "ಸ್ಕಾಲರ್‌ಶಿಪ್ಪಿಗೆ ಸಾರ್." "ಲೆಕ್ಕದಲ್ಲಿ ಮೂವತ್ತೆಂಟು. ಇದಕ್ಕೆ ಯಾವ ಸ್ಕಾಲರ್‌ಶಿಪ್ಪು ಕೊಡ್ತಾರೆ?" ಎಂದು ಗೆಳೆಯನನ್ನು ಒಂದು ಸಲ, ನಮ್ಮ ಹಿಂದೆ ಕಟ್ಟಿದ್ದ ಎಮ್ಮೆಯನ್ನು ಒಂದು ಸಲ ನೋಡಿ ಸಹಿ ಹಾಕಿದರು. ಇಂಗ್ಲಿಷ್ ಸಹಿ.

ಎಲ್ಲರದೂ ಇಂಗ್ಲಿಷ್ ಸಹಿಯೇ. ನಮಗೆ ಬೇಕಾದದ್ದು ಕನ್ನಡದ ಕೈಬರಹ: ಕೊಂಬು ಉದ್ದಕ್ಕೆ ಇಳಿಬಿಟ್ಟ, ಬಲಕ್ಕೆ ವಾಲಿದ ಅಕ್ಷರ. ಗೆಳೆಯ ಉಪಾಯ ಹೂಡಿದ. ಪ್ರಿನ್ಸಿಪಾಲರ ಹತ್ತಿರ ಹೋಗಿ ನಡತೆಯ ಪ್ರಮಾಣಪತ್ರ ಕೇಳುವುದು, ಕನ್ನಡದಲ್ಲೇ ಬೇಕು ಎಂದು ಹಟ ಹಿಡಿಯುವುದು. ನಾವು ಅವರ ಕಾಲೇಜಿನವರಲ್ಲ, ಇನ್ನೂ ಹೈಸ್ಕೂಲು. ಅವರು ಕನ್ನಡಕದ ಮೇಲಿಂದ ನೋಡಿದರು. "ನಿಮ್ಮ ನಡತೆ ನನಗೆ ಹೇಗಪ್ಪ ಗೊತ್ತಿರಬೇಕು?" "ಸುಮ್ನೆ ಒಂದೆರಡು ಸಾಲು ಬರೀರಿ ಸಾರ್, ನಿಮಗೆ ತೋಚಿದ್ದು." ಅವರು ಪೆನ್ನು ತೆರೆದರು. ಹಸಿರು! ನಮ್ಮ ಉಸಿರು ನಿಂತಿತ್ತು. ಸ್ವಲ್ಪ ಹೊತ್ತು ಯೋಚಿಸಿ, ಕಾಗದದ ಮೇಲೆ ಇಂಗ್ಲಿಷಿನಲ್ಲಿ 'ಗುಡ್' ಎಂದು ಬರೆದು ಸೀಲು ಒತ್ತಿ ಕೊಟ್ಟರು. ಗೆಳೆಯ ಆ ಪ್ರಮಾಣಪತ್ರವನ್ನು ಇವತ್ತಿಗೂ ಇಟ್ಟುಕೊಂಡಿದ್ದಾನೆ. ಅವನ ನಡತೆಯ ಬಗ್ಗೆ ಯಾರಾದರೂ ಬರೆದುಕೊಟ್ಟದ್ದು ಅದೊಂದೇ.

ಕೊನೆಗೆ ಲೈಬ್ರರಿಯವರನ್ನೇ ಕೇಳಿದೆವು. ಲೆಡ್ಜರು ಅವರ ಬಳಿಯೇ ಇತ್ತಲ್ಲ, ಯಾವ ಪುಸ್ತಕ ಯಾರ ಮನೆಗೆ ಹೋಯಿತೆಂಬುದು ಅವರಿಗೆ ಗೊತ್ತಿರಲೇಬೇಕು. "ಓದೋದು ಬಿಟ್ಟು ಪೊಲೀಸು ಕೆಲ್ಸ ಯಾಕ್ರೋ ನಿಮಗೆ?" ಎಂದು ಲೆಡ್ಜರು ಮುಚ್ಚಿದರು. ಮುಚ್ಚಿದ ರೀತಿಯಲ್ಲಿ ಏನೋ ಇತ್ತು. ಹಸಿರು ಬರಹವಿದ್ದ ಪುಸ್ತಕಗಳು ಕಪಾಟಿನಲ್ಲಿ ಒಂದು ದಿನವೂ ನಿಲ್ಲುತ್ತಿರಲಿಲ್ಲ, ನಮ್ಮಂಥವರು ಊರಲ್ಲಿ ಇನ್ನೂ ಇದ್ದರೆಂದು ಕಾಣುತ್ತದೆ. ದಿನಕ್ಕೆ ನಾಲ್ಕಾಣೆಯಂತೆ ಲೆಕ್ಕ ಹಾಕಿದರೆ ಅನುಮಾನ ಬೇರೆಯೇ ದಿಕ್ಕಿಗೆ ತಿರುಗಬೇಕಿತ್ತು. ತಿರುಗಿಸಲು ನಮಗೆ ಮನಸ್ಸು ಬರಲಿಲ್ಲ.

ಆತನದು ಇನ್ನೊಂದು ವಿಶೇಷವಿತ್ತು. ಪುಸ್ತಕದ ಮುಕ್ಕಾಲು ಭಾಗ ದಾಟಿದ ಮೇಲೆ ಹಸಿರು ಕಾಣಿಸುತ್ತಲೇ ಇರಲಿಲ್ಲ. ಕೊನೆಯ ಪುಟದಲ್ಲಿ, ಅಂದರೆ ಊರಿನವರೆಲ್ಲ ಮುಗಿಬಿದ್ದು ತೀರ್ಪು ಬರೆಯುವ ಜಾಗದಲ್ಲಿ, ಆತನದೊಂದು ಚುಕ್ಕೆಯೂ ಇಲ್ಲ. ಬಾಡಿಗೆ ಏರುತ್ತದೆಂದು ಅರ್ಧಕ್ಕೇ ವಾಪಸು ಮಾಡುತ್ತಿದ್ದನೇ? ಕಥೆ ಬಿಗಿಯಾದ ಮೇಲೆ ಪೆನ್ನು ಹಿಡಿಯಲು ಪುರುಸೊತ್ತಾಗುತ್ತಿರಲಿಲ್ಲವೇ? ಗೆಳೆಯನ ವಾದ ಮೊದಲನೆಯದು, ನನ್ನದು ಎರಡನೆಯದು. ಇದನ್ನು ಇಟ್ಟುಕೊಂಡು ಓದುವಾಗಿನ ಅಭಿಪ್ರಾಯಕ್ಕೂ ಓದಿದ ಮೇಲಿನ ಅಭಿಪ್ರಾಯಕ್ಕೂ ಇರುವ ವ್ಯತ್ಯಾಸದ ಬಗ್ಗೆ ಒಂದು ಮುಖ್ಯವಾದ ಮಾತು ಹೇಳಬೇಕೆಂದೇ ನಾನು ಬರೆಯಲು ಕೂತದ್ದು. ಆದರೆ ನೀಲಿ ಬಾಲ್ ಪೆನ್ನಿನವನ ವಿಷಯ ಹೇಳದೆ ಅದು ಅರ್ಥವಾಗುವುದಿಲ್ಲ.

ಒಂದು ಕಾದಂಬರಿ. ಹೆಸರು ಹೇಳುವುದಿಲ್ಲ; ಹೇಳಿದರೆ ನೀವೂ ಅಭಿಪ್ರಾಯ ಶುರು ಮಾಡುತ್ತೀರಿ. ಪುಟ 96ರಲ್ಲಿ ಹಸಿರು: "ಈ ಲಾಯರನನ್ನು ನಾಯಕಿ ಯಾವ ಕಾರಣಕ್ಕೂ ಮದುವೆಯಾಗಬಾರದು." ಅದರ ಕೆಳಗೆ ನೀಲಿ: "ಆಗುತ್ತಾಳೆ. ಪುಟ 211 ನೋಡಿ." ಅದರ ಕೆಳಗೆ ಪುನಃ ಹಸಿರು, ನಿಬ್ಬು ಕಾಗದ ಹರಿಯುವಷ್ಟು ಒತ್ತಿ: "ತಮ್ಮನ್ನು ಯಾರು ಕೇಳಿದರು?" ಅಂದರೆ ಆತ ಅದೇ ಪುಸ್ತಕವನ್ನು ಎರಡನೇ ಸಲ ಒಯ್ದಿದ್ದ! ಅಲ್ಲಿಂದ ಮುಂದೆ ಒಂದೇ ಒಂದು ಹಸಿರು ಅಕ್ಷರವಿಲ್ಲ. ಆತನ ಓದನ್ನೇ ಕೆಡಿಸಿದ ಆ ನೀಲಿಯವನ ಮೇಲೆ ನಮಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೈಯೆಲ್ಲ ಉರಿಯುತ್ತಾ ಅಲ್ಲೇ, ಲೈಬ್ರರಿಯ ಮೆಟ್ಟಿಲ ಮೇಲೇ 211 ತೆಗೆದು ನೋಡಿದೆವು. ಮದುವೆಯೂ ಇಲ್ಲ, ಲಾಯರನೂ ಇಲ್ಲ. ನಾಯಕಿಯ ದೊಡ್ಡಮ್ಮ ಹಪ್ಪಳ ಒಣಗಿಸುತ್ತಿದ್ದಾರೆ.