ಚಿ. ಸೌ. ಎಂಬ ಅನುಮಾನಾಸ್ಪದ ವ್ಯಕ್ತಿ

ನಮ್ಮ ಅಣ್ಣನ ಮಗಳ ಮದುವೆ ಬಸವನಗುಡಿಯ ಛತ್ರವೊಂದರಲ್ಲಿ ಆಗಿ ಐದು ತಿಂಗಳಾಯಿತು. ಪುರೋಹಿತರು ನಂಬಿದ್ದಾರೆ, ಛತ್ರದವರು ನಂಬಿದ್ದಾರೆ, ಅಡುಗೆಯವರಂತೂ ಬಾಕಿ ಹಣಕ್ಕಾಗಿ ಇನ್ನೂ ಫೋನ್ ಮಾಡುತ್ತಿದ್ದಾರೆ. ಇನ್ನು ನಂಬಬೇಕಾಗಿರುವುದು ಕೆನಡಾ ಒಂದೇ.

ಹುಡುಗ ನಮ್ಮವನೇ, ಅಲ್ಲಿನ ಪೌರತ್ವ ಪಡೆದವನು. ಹೆಂಡತಿಯನ್ನು ಕರೆಸಿಕೊಳ್ಳಲು ಸ್ಪಾನ್ಸರ್ ಮಾಡಬೇಕು. ಮೊದಲು ಹೇಗೆ ಭೇಟಿಯಾದಿರಿ, ಸಂಬಂಧ ಹೇಗೆ ಬೆಳೆಯಿತು ಎಂದು ಅರ್ಜಿ ಕೇಳುತ್ತದೆ. ಭೇಟಿಯಾದದ್ದು ನಮ್ಮ ಅತ್ತಿಗೆ ಮತ್ತು ಹುಡುಗನ ದೊಡ್ಡಮ್ಮ, ಗಾಂಧಿ ಬಜಾರಿನ ಹೂವಿನಂಗಡಿಯ ಮುಂದೆ. ಸಂಬಂಧ ಬೆಳೆದದ್ದು ಜೋಯಿಸರ ಕೈಯಲ್ಲಿ. 36ಕ್ಕೆ 27 ಗುಣ ಕೂಡಿತ್ತು. ಹುಡುಗ ಹುಡುಗಿ ಮಾತನಾಡಿದ್ದು 10 ನಿಮಿಷ, ಬಾಗಿಲು ಅರ್ಧ ತೆರೆದಿಟ್ಟು. ಅಷ್ಟರಲ್ಲೇ ಅಮ್ಮ ಕಾಫಿ ಬೇಕೇ ಎಂದು ಎರಡು ಸಲ ಇಣುಕಿದ್ದರು. ಇದನ್ನೇ ಬರೆದರೆ ಅಧಿಕಾರಿ ನಂಬುವುದಿಲ್ಲ. ಪ್ರೇಮವಿವಾಹ ಎಂದು ಬರೆದರೆ ಅಮ್ಮ ಒಪ್ಪುವುದಿಲ್ಲ.

ಮದುವೆಯ ಸಾಕ್ಷಿಗೆಂದು ಅರ್ಜಿಯೊಡನೆ ಕೊಡಬಹುದಾದ ಫೋಟೋ ಹೆಚ್ಚೆಂದರೆ 20. ನಮ್ಮ ಆಲ್ಬಮ್ಮಿನಲ್ಲಿ ಸಾವಿರದ ಮೇಲಿವೆ, ಒಂದರಲ್ಲೂ ಅವರಿಬ್ಬರೇ ಇಲ್ಲ. ಮಾಂಗಲ್ಯಧಾರಣೆಯ ಚಿತ್ರದಲ್ಲಿ ವರನ ಕೈ ಕಾಣುತ್ತದೆ, ಮುಖವಿರಬೇಕಾದಲ್ಲಿ ನಾದಿನಿ ಎತ್ತಿ ಹಿಡಿದ ಮೊಬೈಲು. ಆರತಕ್ಷತೆಯಲ್ಲಿ ಇಬ್ಬರೂ ನಗುತ್ತಿದ್ದಾರೆ, ನಡುವೆ ಅಣ್ಣನ ಆಫೀಸಿನ ಒಂಬತ್ತು ಮಂದಿ ಕವರು ಹಿಡಿದು ನಿಂತಿದ್ದಾರೆ. ಕೊನೆಗೆ ರಜೆಯಲ್ಲಿ ಬಂದ ಅಳಿಯನನ್ನು ಲಾಲ್‌ಬಾಗಿನ ಗಾಜಿನ ಮನೆಯೆದುರು ನಿಲ್ಲಿಸಿದೆವು. "ಹೆಗಲ ಮೇಲೆ ಕೈ ಹಾಕಪ್ಪ" ಎಂದವನು ಅಣ್ಣನೇ. ನಿಶ್ಚಿತಾರ್ಥದ ದಿನ ಅದೇ ಕೈ ಸೋಫಾದ ಬೆನ್ನಿನ ಮೇಲೆ ಹರಿದಾಗ ಜೋರಾಗಿ ಕೆಮ್ಮಿದವನೂ ಇವನೇ.

ಲಗ್ನಪತ್ರಿಕೆಯ ಕಥೆ ಬೇರೆ. ಕಾಗದಗಳು ಇಂಗ್ಲಿಷ್ ಅಥವಾ ಫ್ರೆಂಚಿನಲ್ಲಿರಬೇಕು, ಮನೆಯವರು ಅನುವಾದಿಸುವಂತಿಲ್ಲ. ಅನುವಾದಕರು ಫೋನ್ ಮಾಡಿದರು: "ಸಾರ್, ಪತ್ರಿಕೆಯಲ್ಲಿ ಹುಡುಗಿಯ ಹೆಸರಿನ ಮುಂದೆ ಚಿ. ಸೌ. ಎಂದಿದೆ, ಪಾಸ್‌ಪೋರ್ಟಿನಲ್ಲಿ ಇಲ್ಲವಲ್ಲ?" ಚಿರಂಜೀವಿಯೂ ಸೌಭಾಗ್ಯವತಿಯೂ ಆದ ನಮ್ಮ ಹುಡುಗಿ ಈಗ ಎರಡು ಹೆಸರಿನ ಶಂಕಿತೆ. "ಆಶೀರ್ವಾದವೇ ಉಡುಗೊರೆ" ಎಂಬ ಸಾಲು ಬಂದಾಗ, ಇದನ್ನು ಆದಾಯ ಎಂದು ತೋರಿಸಬೇಕೇ ಎಂದರು.

ಪುರೋಹಿತರು ಏಳು ಹೆಜ್ಜೆ ಹಾಕಿಸಿ ಏಳು ಜನ್ಮದ ಲೆಕ್ಕ ಹೇಳಿದ್ದರು. ಕೆನಡಾ ಗಂಡನಿಂದ ಬರೆಸಿಕೊಳ್ಳುವುದು 3 ವರ್ಷದ ಹೊಣೆ, ಆಕೆ ಖಾಯಂ ನಿವಾಸಿಯಾದ ದಿನದಿಂದ. ನಡುವೆ ವಿಚ್ಛೇದನವಾದರೂ ಅದು ತಪ್ಪದು. ತಾಳಿಗಿಂತ ಗಟ್ಟಿ ಗಂಟು! ಬ್ರಿಟನ್ನಿನವರು ಇನ್ನೂ ನೇರ: ಸಂಗಾತಿಯನ್ನು ಕರೆಸಿಕೊಳ್ಳಲು ಇರಬೇಕಾದ ವಾರ್ಷಿಕ ಆದಾಯವನ್ನು 2024ರ ಏಪ್ರಿಲ್‌ನಲ್ಲಿ 18,600 ಪೌಂಡಿನಿಂದ 29,000ಕ್ಕೆ ಏರಿಸಿದರು. ನಮ್ಮಲ್ಲಿ ಹುಡುಗನ ಸಂಬಳವನ್ನು ಸೋದರಮಾವ ಕೊಂಚ ಸಂಕೋಚದಿಂದಲಾದರೂ ಕೇಳುತ್ತಾನೆ. ಹಾಗೆಂದು ನಾವೇನೂ ಹಿಂದೆ ಬಿದ್ದಿಲ್ಲ. ಇಲ್ಲಿಗೆ ಸೊಸೆಯಾಗಿ ಬಂದ ವಿದೇಶಿ ಹುಡುಗಿ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಲು ಮದುವೆ ನೋಂದಣಿಯಾಗಿ 2 ವರ್ಷ ಬಾಳಿ ತೋರಿಸಬೇಕು.

ಗಂಡ ಹೆಂಡತಿಯ ಮೊಬೈಲ್ ಸಂದೇಶಗಳನ್ನೂ ಸಾಕ್ಷಿಯಾಗಿ ಕೆನಡಾದ ಫೈಲಿಗೆ ಸೇರಿಸಬೇಕು. ನಮ್ಮ ಹುಡುಗಿಯದರಲ್ಲಿ ಇದ್ದದ್ದು "ಊಟ ಆಯಿತಾ?", "ಆಯಿತು", ಅಷ್ಟೇ. ಮೊನ್ನೆ ಇಬ್ಬರಿಗೂ ಜಗಳವಾಗಿ ಪುಟಗಟ್ಟಲೆ ಬೈದುಕೊಂಡಿದ್ದಾರೆ. ಆಕೆ ಅಳುತ್ತ ಮೊಬೈಲನ್ನು ಅಪ್ಪನ ಕೈಗಿಟ್ಟಳು. ಅಣ್ಣ ಕನ್ನಡಕ ಏರಿಸಿ ಕೊನೆಯವರೆಗೂ ಓದಿದ, ಮುಖ ಅರಳಿತು.

"ಒಂದನ್ನೂ ಅಳಿಸಬೇಡಮ್ಮ" ಎಂದ, "ನಾಳೆಯೇ ಪ್ರಿಂಟ್ ತೆಗೆಸೋಣ."