ಸೈನೈಡ್ ಗುಡ್ಡದ ಕೆಳಗೆ ಮನೆಗಳಿವೆ

ನಿನ್ನೆ ರಾತ್ರಿ ಗೆಳೆಯನ ಮನೆಯಲ್ಲಿ ಚೀನೀ ನಿರ್ದೇಶಕ ಜಿಯಾ ಝಾಂಗ್‌ಕೆಯ ‘ಶಿಯಾವೊ ವು’ ಸಿನಿಮಾ ನೋಡಿದೆವು. ಮುಗಿದ ಮೇಲೆ ಒಬ್ಬರು, “ಇವರೆಲ್ಲ ತಮ್ಮೂರಿನ ದರಿದ್ರವನ್ನ ಫಾರಿನ್ನವರಿಗೆ ಮಾರ್ಕೊಂಡು ಹೆಸರು ಮಾಡೋರು” ಅಂದರು. ಜಗಳ ಬೇಡ ಅಂತ ಎದ್ದು ಬಂದೆ. ನಿದ್ದೆ ಮಾತ್ರ ಬರಲಿಲ್ಲ. ನಾನು ಕೆಜಿಎಫ್‌ನವನು, ನಿಮಗೆ ಗೊತ್ತಲ್ಲ.

ಜಿಯಾ ಹುಟ್ಟಿದ್ದು 1970ರಲ್ಲಿ, ಚೀನಾದ ಶಾನ್‌ಶಿಯ ಫೆನ್‌ಯಾಂಗ್‌ನಲ್ಲಿ. ಕಲ್ಲಿದ್ದಲ ಸೀಮೆ. 1997ರಲ್ಲಿ 16 ಎಂಎಂ ಕ್ಯಾಮೆರಾ ಹಿಡಿದು ಅದೇ ಬೀದಿಗಳಿಗೆ ವಾಪಸ್ ಬಂದ. ಕಥಾನಾಯಕ ಒಬ್ಬ ಜೇಬುಗಳ್ಳ. ಪಾತ್ರ ಮಾಡಿದ್ದು ಜೊತೆಯಲ್ಲಿ ಓದಿದ ಗೆಳೆಯ. ಚಿತ್ರದಲ್ಲಿ ಹೆಚ್ಚಿನವರು ಆಡುವುದು ಆ ಊರಿನ ಮಾತನ್ನೇ. ಮಾರಿಕೊಂಡ ಅಂತೀರಲ್ಲ, ಆ ಸಿನಿಮಾಗೆ ಅವನ ದೇಶದಲ್ಲೇ ಒಪ್ಪಿಗೆ ಇರಲಿಲ್ಲ! ಸರ್ಕಾರದ ಅನುಮತಿ ಪಡೆದ ಅವನ ಮೊದಲ ಚಿತ್ರ ಬಂದಿದ್ದು 2004ರಲ್ಲಿ.

ಊರು ಮಾರುವುದು ಅಂದರೆ ಏನು ಅಂತ ನಮ್ಮನ್ನು ಕೇಳಿ. ಶೂಟಿಂಗ್‌ಗೆ ಬರುವವರಿಗೆ ಸೈನೈಡ್ ಗುಡ್ಡ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಗಣಿ ಮಣ್ಣಿನ ರಾಶಿ ಬೇಕು, ಫೈಟ್ ತೆಗೆಯೋಕೆ. ಗಾಳಿ ಎದ್ದರೆ ಆ ಧೂಳು ನಮ್ಮ ಲೈನ್ ಮನೆಗಳ ಒಳಗೇ ಬರುತ್ತಿತ್ತು. ಅಮ್ಮ ನೀರಿನ ಬಿಂದಿಗೆಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು. ಅದನ್ನು ಯಾರೂ ಶೂಟ್ ಮಾಡಲ್ಲ.

1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದ ಊರು ನಮ್ಮದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನೆಲದೊಳಕ್ಕೆ ಇಳಿದು ಕೆಲಸ ಮಾಡಿದ ನಮ್ಮಪ್ಪ, ಕತ್ತಲಿರುವಾಗಲೇ ಮಾರಿಕುಪ್ಪಂನಲ್ಲಿ ಟ್ರೈನ್ ಹತ್ತಿ ಬೆಂಗಳೂರಿಗೆ ಬಂದು ಯಾರದೋ ಅಪಾರ್ಟ್‌ಮೆಂಟಿನ ಗೇಟು ಕಾಯ್ದರು. ಕೆಮ್ಮು ಮಾತ್ರ ಗಣಿಯದೇ, ಕೊನೆವರೆಗೂ ಬಿಡಲಿಲ್ಲ.

ಕಷ್ಟವನ್ನೇ ತೋರಿಸಿದರೆ ಊರಿನ ಮರ್ಯಾದೆ ಹೋಗಲ್ವಾ ಅಂತ ನಮ್ಮ ಮಾವನೂ ಕೇಳ್ತಾರೆ. ಯಾರ ಮರ್ಯಾದೆ ಮಾವ? ಕಾಲೇಜಿನಲ್ಲಿ ನಾನೂ ಮೂರು ವರ್ಷ ಮುಚ್ಚಿಟ್ಟೆ. ಯಾವೂರು ಅಂದರೆ “ಕೋಲಾರದ ಕಡೆ” ಅಂತಿದ್ದೆ. ಅಪ್ಪ ವಾಚ್‌ಮನ್ ಡ್ರೆಸ್‌ನಲ್ಲೇ ಹಾಸ್ಟೆಲ್‌ಗೆ ಬಂದ ದಿನ, ಊರಿನವರು ಅಂದುಬಿಟ್ಟೆ. ಅಪ್ಪನಿಗೆ ಕೇಳಿಸಿತು. ಏನೂ ಅನ್ನದೆ ಚಕ್ಕುಲಿ ಡಬ್ಬ ಕೊಟ್ಟು ಹೋದರು. ಹೀಗೆ ಉಳಿಯುತ್ತಾ ಮರ್ಯಾದೆ?

ಫೆನ್‌ಯಾಂಗ್‌ನವನು ಹಾಗೆ ಮಾಡಲಿಲ್ಲ. ಕೊನೆಯಲ್ಲಿ ಆ ಕಳ್ಳನಿಗೆ ಬೇಡಿ ಹಾಕಿ ಬೀದಿಯಲ್ಲಿ ಬಿಟ್ಟು ಹೋಗ್ತಾರೆ. ಜನ ಸೇರ್ತಾರೆ. ಕ್ಯಾಮೆರಾ ಅವನನ್ನು ಬಿಟ್ಟು ಆ ಜನರ ಕಡೆ ತಿರುಗುತ್ತೆ. ಸುಮ್ಮನೆ ನಿಂತು ನೋಡುವ ಮುಖಗಳು, ಮಾರಿಕುಪ್ಪಂ ಪ್ಲಾಟ್‌ಫಾರ್ಮಿನಲ್ಲಿ ಬೆಳಗಿನ ಜಾವ ನಿಂತಿರುತ್ತಿದ್ದಂಥವೇ. ಅಲ್ಲಿ ನಾನು ಅಪ್ಪನನ್ನು ಹುಡುಕಿದೆ.